ನಸುಗುನ್ನಿ: ಹಿತ್ತಲಲ್ಲಿ ಬೆಳೆಸುವ ಬಗೆ, ಬಳಕೆಯಲ್ಲಿ ಇರಬೇಕಾದ ಎಚ್ಚರ

ನಸುಗುನ್ನಿಯ ಹೆಸರು ಕೇಳಿದೊಡನೆ ಮೈ ತುರಿಸಿಕೊಳ್ಳದ ಹಳ್ಳಿಗರು ವಿರಳ. ಹೊಲದ ಬದುವಿನಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಮಳೆಗಾಲಕ್ಕೆ ಚಿಗುರಿ ಬೇಲಿಯನ್ನೆಲ್ಲ ವ್ಯಾಪಿಸುವ ಈ ಬಳ್ಳಿಯು ಅವರೆ, ತೊಗರಿ, ಹೆಸರುಗಳ ಕುಲಕ್ಕೆ ಸೇರಿದ ದ್ವಿದಳ ಸಸ್ಯವಾಗಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮ್ಯೂಕುನಾ ಪ್ರೂರಿಯೆನ್ಸ್. ಎರಡನೆಯ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ತುರಿಕೆಯುಂಟುಮಾಡುವುದು’ ಎಂದೇ ಅರ್ಥ. ನಮ್ಮ ಪ್ರಾಚೀನ ವೈದ್ಯರೂ ಇದೇ ಗುಣವನ್ನು ಕಂಡು ಕಪಿಕಚ್ಛು, ಮರ್ಕಟೀ, ವಾನರೀ ಎಂದು ಕರೆದರು. ಇನ್ನೊಂದು ಹೆಸರು ಆತ್ಮಗುಪ್ತಾ, ಅಂದರೆ ತನ್ನನ್ನು ತಾನೇ ಕಾಪಾಡಿಕೊಳ್ಳುವವಳು. ಗಿಡಮೂಲಿಕೆಗಳಿಗೆ ಇಟ್ಟ ಹೆಸರುಗಳಲ್ಲಿ ಇಷ್ಟು ಸೊಗಸಾದುದು ನಮಗೆ ಬೇರೆ ಕಂಡಿಲ್ಲ.

ಈಚಿನ ವರ್ಷಗಳಲ್ಲಿ ಭಕ್ತಾದಿಗಳು ಈ ಬಳ್ಳಿಯ ಬಗ್ಗೆ ನಮ್ಮಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ. ಮನೆಯ ಹಿತ್ತಲಲ್ಲಿ ಇದನ್ನು ಬೆಳೆಸಬಹುದೇ ಎಂಬುದು ಒಂದು. ಕೈ ನಡುಗುವ ತಂದೆಗೆ, ತಾಯಿಗೆ ಇದರ ಬೀಜದ ಪುಡಿಯನ್ನು ಕೊಡಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಂತೋಷದಿಂದ ಹೌದೆನ್ನುತ್ತೇವೆ. ಎರಡನೆಯದಕ್ಕೆ ಅಷ್ಟು ಸುಲಭವಾಗಿ ಹೌದೆನ್ನಲಾಗದು. ಅದರ ಕಾರಣವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬಳ್ಳಿಯ ಗುರುತು ಕಠಿಣವಲ್ಲ. ಎಲೆಗಳು ಅವರೆಯಂತೆ ಮೂರು ದಳದವು, ಕೆಳಬದಿಯಲ್ಲಿ ರೇಷ್ಮೆಯಂತಹ ಬೂದುಬಣ್ಣದ ರೋಮ. ಕಡುನೇರಳೆ ಹೂಗಳು ಗೊಂಚಲು ಗೊಂಚಲಾಗಿ ಕೆಳಮುಖವಾಗಿ ಜೋಲುತ್ತವೆ. ಬೆರಳುದ್ದದ ಕಾಯಿ ತುದಿಯಲ್ಲಿ ತುಸು ಬಾಗಿರುತ್ತದೆ. ಅದರ ಮೈತುಂಬ ಹೊಂಬಣ್ಣ ಬೆರೆತ ಕಂದು ರೋಮ, ಒಳಗೆ ನಾಲ್ಕಾರು ಹೊಳಪಿನ ಬೀಜ. ನೋಡಲು ಮಕಮಲ್ಲಿನಂತಿರುವ ಈ ಕಾಯಿಯನ್ನು ಅರಿಯದ ಮಕ್ಕಳು ಮುಟ್ಟದೆ ಇರಲಾರರು. ಮುಟ್ಟಿದ ಕ್ಷಣವೇ ಸೂಜಿಯಂತಹ ರೋಮಗಳು ಚರ್ಮಕ್ಕೆ ನೆಟ್ಟು ಉರಿ, ತುರಿ ಆರಂಭವಾಗುತ್ತದೆ.

ರೋಮದಲ್ಲಿರುವ ಮ್ಯೂಕುನೇನ್ ಎಂಬ ಪ್ರೋಟೀನು ಈ ತುರಿಕೆಗೆ ಮುಖ್ಯ ಕಾರಣ. ಇದು ಸಾಮಾನ್ಯ ಅಲರ್ಜಿಯ ದಾರಿಯನ್ನು ಹಿಡಿಯದೆ ಚರ್ಮದ ನರತುದಿಗಳನ್ನು ನೇರವಾಗಿ ಕೆರಳಿಸುತ್ತದೆ. ಆದ್ದರಿಂದಲೇ ಅಂಗಡಿಯಿಂದ ತಂದ ಅಲರ್ಜಿ ಗುಳಿಗೆಯಿಂದ ಹೆಚ್ಚಿನ ಉಪಶಮನ ದೊರೆಯುವುದಿಲ್ಲ. ಮಾಡಬೇಕಾದುದು ಇಷ್ಟು: ಉಜ್ಜಬಾರದು, ಕೆರೆಯಬಾರದು, ಅಂಟುಪಟ್ಟಿಯನ್ನು ಒತ್ತಿ ಕಿತ್ತು ರೋಮಗಳನ್ನು ತೆಗೆಯಬೇಕು, ಬಳಿಕ ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಉಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು, ಇಲ್ಲವಾದರೆ ತುರಿಕೆ ಮನೆಮಂದಿಗೆಲ್ಲ ಹಂಚಿಕೆಯಾಗುತ್ತದೆ. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು. ಶಾಲೆ, ಅಂಗನವಾಡಿಗಳ ಬೇಲಿಯಲ್ಲಿ ಕಾಡು ನಸುಗುನ್ನಿ ಹಬ್ಬಿದ್ದರೆ ಹೂ ಬಿಡುವ ಮುನ್ನವೇ ಬುಡಸಮೇತ ಕಿತ್ತು ಹೂಳುವುದು ಲೇಸು.

ಹಾಗಾದರೆ ಹಿತ್ತಲಲ್ಲಿ ಬೆಳೆಸುವುದು ಹೇಗೆ? ನಸುಗುನ್ನಿಯಲ್ಲಿಯೇ ತುರಿಸದ ಬಗೆಯೊಂದುಂಟು. ಅದರ ಕಾಯಿಯ ರೋಮ ಮೃದುವಾಗಿ ಮೈಗಂಟಿಕೊಂಡಿರುತ್ತದೆ, ಬರಿಗೈಯಲ್ಲಿ ಕೀಳಬಹುದು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಧನ್ವಂತರಿ, ಅರ್ಕಾ ಅಶ್ವಿನಿ ಎಂಬ ತುರಿಸದ ತಳಿಗಳನ್ನು ಹೊರತಂದಿದೆ. ಮನೆಯಂಗಳಕ್ಕೆ ಇಂತಹ ತಳಿಯೇ ಯೋಗ್ಯ. ಕಾಡಿನ ಬೀಜವನ್ನು ತಂದು ಹಿತ್ತಲಲ್ಲಿ ಊರುವುದನ್ನು ನಾವು ಯಾರಿಗೂ ಸೂಚಿಸುವುದಿಲ್ಲ.

ಮೃಗಶಿರಾ ಮಳೆ ಹನಿದು ನೆಲ ಹದಗೊಂಡ ಮೇಲೆ, ಆರಿದ್ರಾ ಮಳೆ ಮುಗಿಯುವುದರೊಳಗೆ ಬಿತ್ತುವುದು ಉತ್ತಮ. ಹಗಲು ಕಿರಿದಾಗತೊಡಗಿದಾಗ ಹೂ ಬಿಡುವುದು ಈ ಬಳ್ಳಿಯ ಸ್ವಭಾವ. ತಡವಾಗಿ ಊರಿದರೆ ಬಳ್ಳಿ ಮೈದುಂಬುವ ಮೊದಲೇ ಹೂವಾಗಿ ಕಾಯಿ ಕಡಿಮೆಯಾಗುತ್ತದೆ. ಬೀಜದ ಸಿಪ್ಪೆ ಗಡುಸು. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ ಉಬ್ಬಿದವನ್ನು ಮಾತ್ರ ಬಿತ್ತಬೇಕು. ಉಬ್ಬದೆ ಉಳಿದವುಗಳ ಸಿಪ್ಪೆಯನ್ನು ಕಣ್ಣಿನ ಎದುರು ಬದಿಯಲ್ಲಿ ಒರಟು ಕಲ್ಲಿಗೆ ತುಸು ತಿಕ್ಕಿ ಮತ್ತೆ ನೆನೆಸಿದರೆ ಅವೂ ಮೊಳೆಯುತ್ತವೆ. ಮೂರಡಿಗೊಂದರಂತೆ ಗುಣಿ ತೆಗೆದು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗುಣಿಗೆ ಎರಡು ಬೀಜವನ್ನು ಒಂದಂಗುಲ ಆಳದಲ್ಲಿ ಊರಬೇಕು. ವಾರದೊಳಗೆ ಮೊಳಕೆ ಕಾಣುತ್ತದೆ. ಹದಿನೈದು ದಿನಗಳ ಬಳಿಕ ಬಲವಾದ ಒಂದು ಸಸಿಯನ್ನು ಉಳಿಸಿ ಮತ್ತೊಂದನ್ನು ಕೀಳಬೇಕು.

ಕೆಂಪು ಮಣ್ಣು, ಗೋಡು ಮಣ್ಣು ಇದಕ್ಕೆ ಒಗ್ಗುತ್ತದೆ. ಎರೆ ಭೂಮಿಯಲ್ಲಿಯೂ ಬರುತ್ತದೆ, ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಅಂತಹ ಕಡೆ ಏರುಮಡಿ ಮಾಡಿ ಬಿತ್ತಬೇಕು. ದಿನವಿಡೀ ಬಿಸಿಲು ಬೀಳುವ ಸ್ಥಳ ಬೇಕು. ಮೊದಲ ಆರೆಂಟು ವಾರ ಕಳೆ ತೆಗೆದರೆ ಸಾಕು, ಮುಂದೆ ಬಳ್ಳಿಯ ನೆರಳಿನಲ್ಲಿ ಕಳೆಯೇ ತಲೆಯೆತ್ತದು. ಮಳೆ ಕೈಕೊಟ್ಟರೆ ಎಂಟು ಹತ್ತು ದಿನಗಳಿಗೊಮ್ಮೆ ನೀರು. ಯೂರಿಯಾ ಹಾಕುವುದು ವ್ಯರ್ಥ, ಹಾಕಿದರೆ ಎಲೆ ಸೊಕ್ಕಿ ಕಾಯಿ ಕುಗ್ಗುತ್ತದೆ. ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ನಂಬಿಕೆ ಬಾರದವರು ತೆಗೆದ ಸಸಿಯ ಒಂದು ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಬಹುದು. ಒಳಗೆ ನಸುಗೆಂಪು ಬಣ್ಣ ಕಂಡರೆ ಗೊಬ್ಬರದ ಕಾರ್ಖಾನೆ ನಡೆಯುತ್ತಿದೆ ಎಂದು ತಿಳಿಯಬೇಕು.

ಬಳ್ಳಿಗೆ ಆಸರೆ ಅವಶ್ಯ. ನೆಲದ ಮೇಲೆ ಹರಿದರೆ ಕಾಯಿ ತೇವಕ್ಕೆ ಸಿಕ್ಕಿ ಕೊಳೆಯುತ್ತದೆ. ಐದಾರು ಅಡಿ ಎತ್ತರದ ಬಿದಿರಿನ ಚಪ್ಪರ ಅತ್ಯುತ್ತಮ, ಅದಕ್ಕಿಂತ ಎತ್ತರವಾದರೆ ಕೈಗೆ ನಿಲುಕದು. ಬಲಿತ ಗೊಬ್ಬರಗಿಡ, ನುಗ್ಗೆಗಳಿಗೂ ಹಬ್ಬಿಸಬಹುದು. ಎಳೆಯ ಮಾವು, ಪೇರಲ, ನಿಂಬೆಗಳ ಸಮೀಪ ಬಿಡಬಾರದು. ಒಂದೇ ಮಳೆಗಾಲದಲ್ಲಿ ಅವುಗಳನ್ನು ಮುಚ್ಚಿ ಉಸಿರುಗಟ್ಟಿಸುತ್ತದೆ. ಕೀಟಬಾಧೆ ಅಲ್ಪ. ಕಂಬಳಿಹುಳು ಬಂದರೆ ಕೈಯಿಂದ ಆರಿಸಿ ತೆಗೆಯುವುದು, ಹೇನು ಬಂದರೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸುವುದು, ಇಷ್ಟೇ ಸಾಕು. ಔಷಧಕ್ಕೆಂದು ಬೆಳೆದುದಕ್ಕೆ ವಿಷ ಸಿಂಪಡಿಸುವುದರಲ್ಲಿ ಅರ್ಥವಿಲ್ಲ.

ಎಳ್ಳಮಾವಾಸ್ಯೆಯ ಹೊತ್ತಿಗೆ ಕಾಯಿಗಳು ಬಲಿತು ಕಂದಾಗತೊಡಗುತ್ತವೆ. ಒಮ್ಮೆಗೇ ಎಲ್ಲವೂ ಮಾಗುವುದಿಲ್ಲ, ಬಲಿತಂತೆ ಬಿಡಿಸಬೇಕು. ಇಬ್ಬನಿ ಆರುವ ಮುನ್ನ ಬೆಳಗಿನಲ್ಲಿ ಕೊಯ್ದರೆ ಕಾಯಿ ಸಿಡಿಯುವುದಿಲ್ಲ, ರೋಮ ಹಾರುವುದಿಲ್ಲ. ಸುತ್ತಮುತ್ತ ಕಾಡು ಬಳ್ಳಿಯಿದ್ದರೆ ಒಂದು ಮಾತು ನೆನಪಿರಲಿ: ದುಂಬಿಗಳ ಮೂಲಕ ಅಪರೂಪಕ್ಕೆ ಪರಾಗ ಬೆರೆತು ಮುಂದಿನ ಪೀಳಿಗೆಯಲ್ಲಿ ತುರಿಸುವ ಗಿಡ ಹುಟ್ಟಬಹುದು. ಮನೆಯ ಬೀಜದಿಂದ ಬೆಳೆದ ಬಳ್ಳಿಯ ಮೊದಲ ಕಾಯಿಯನ್ನು ಕೈಗವಸು ತೊಟ್ಟೇ ಪರೀಕ್ಷಿಸುವುದು ಕ್ಷೇಮ.

ಇನ್ನು ಎರಡನೆಯ ಪ್ರಶ್ನೆ. ಆಯುರ್ವೇದದಲ್ಲಿ ಕಪಿಕಚ್ಛು ಬೀಜವು ವಾತಹರ, ಬಲ್ಯ, ವೃಷ್ಯ. ಪಕ್ಷಾಘಾತದಲ್ಲಿ ನಾವು ಕೊಡುವ ಮಾಷಬಲಾದಿ ಕ್ವಾಥದಲ್ಲಿಯೂ ಇದು ಸೇರಿದೆ. ಕೈಕಾಲು ನಡುಗಿ, ಮೈ ಬಿಗಿದು, ನಡಿಗೆ ಕುಂಠಿತವಾಗುವ ಕಂಪವಾತದಲ್ಲಿ ಇದರ ಬಳಕೆ ಸುಪರಿಚಿತ. ಈ ವ್ಯಾಧಿಯನ್ನು ಆಧುನಿಕ ವೈದ್ಯಶಾಸ್ತ್ರವು 1817ರಲ್ಲಿ ಅದನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನರ ಹೆಸರಿನಿಂದ ಕರೆಯುತ್ತದೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕ್ಷೀಣಿಸುವುದು ಅದರ ಲಕ್ಷಣಗಳಿಗೆ ಮುಖ್ಯ ಕಾರಣ. ಡೋಪಮಿನ್ನನ್ನು ನೇರವಾಗಿ ಕೊಟ್ಟರೆ ಅದು ಮಿದುಳನ್ನು ಪ್ರವೇಶಿಸದು. ಅದರ ಪೂರ್ವರೂಪವಾದ ಲೆವೊಡೋಪ ಪ್ರವೇಶಿಸುತ್ತದೆ. ಈ ಲೆವೊಡೋಪವು ನಸುಗುನ್ನಿಯ ಬೀಜದಲ್ಲಿದೆ ಎಂಬುದನ್ನು 1937ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದರು. ಪಾಶ್ಚಾತ್ಯ ವೈದ್ಯರು ಅದನ್ನು ಈ ರೋಗಕ್ಕೆ ಬಳಸತೊಡಗಿದ್ದು ಸುಮಾರು ಕಾಲು ಶತಮಾನದ ನಂತರ.

ಆದ್ದರಿಂದ ನಸುಗುನ್ನಿಯ ಪುಡಿಯೂ ತಜ್ಞರು ಬರೆದುಕೊಟ್ಟ ಗುಳಿಗೆಯೂ ಬೇರೆ ಬೇರೆ ಔಷಧಗಳಲ್ಲ. ಎರಡರಲ್ಲಿಯೂ ಇರುವುದು ಒಂದೇ ದ್ರವ್ಯ. ‘ಗಿಡಮೂಲಿಕೆ ತಾನೇ, ಜೊತೆಗೆ ಇರಲಿ’ ಎಂಬ ಮಾತು ಅನರ್ಥಕ್ಕೆ ದಾರಿಯಾಗುವುದು ಇಲ್ಲಿಯೇ. ಲೆಕ್ಕ ನೋಡೋಣ. ಒಣಬೀಜದಲ್ಲಿ ಲೆವೊಡೋಪ ಸಾಮಾನ್ಯವಾಗಿ ನೂರಕ್ಕೆ 3ರಿಂದ 6 ಭಾಗ. 5 ಗ್ರಾಂ ಪುಡಿಯಲ್ಲಿ 150ರಿಂದ 300 ಮಿಲಿಗ್ರಾಂ ಎಂದಾಯಿತು. ತಳಿ, ಮಣ್ಣು, ಕೊಯ್ಲಿನ ಕಾಲ, ಸಂಸ್ಕರಣದ ರೀತಿಯಿಂದ ಇದು ಇನ್ನೂ ಹೆಚ್ಚು ಕಡಿಮೆಯಾಗುತ್ತದೆ. ಒಂದು ಸಾಮಾನ್ಯ ಗುಳಿಗೆಯಲ್ಲಿರುವುದು 100 ಮಿಲಿಗ್ರಾಂ ಲೆವೊಡೋಪ, ಜೊತೆಗೆ ಕಾರ್ಬಿಡೋಪ. ಲೆವೊಡೋಪವು ಮಿದುಳನ್ನು ಮುಟ್ಟುವ ಮುನ್ನವೇ ದೇಹದಲ್ಲಿ ಪೋಲಾಗುವುದನ್ನು ಕಾರ್ಬಿಡೋಪ ತಡೆಯುತ್ತದೆ, ಆದುದರಿಂದ ಬೇಕಾಗುವ ಲೆವೊಡೋಪದ ಪ್ರಮಾಣ ಸುಮಾರು ಮುಕ್ಕಾಲು ಪಾಲು ಇಳಿಯುತ್ತದೆ. ಅಂದರೆ, ಗುಳಿಗೆ ಸೇವಿಸದವರಲ್ಲಿ ಸೌಮ್ಯವಾಗಿ ವರ್ತಿಸುವ ಅದೇ ಒಂದು ಚಮಚ ಪುಡಿ, ಗುಳಿಗೆ ಸೇವಿಸುವವರ ದೇಹದಲ್ಲಿ ಹಲವು ಪಟ್ಟು ಪ್ರಬಲವಾಗುತ್ತದೆ.

ಹೀಗಾದ ಹಿರಿಯರೊಬ್ಬರನ್ನು ಮನೆಯವರು ನಮ್ಮಲ್ಲಿಗೆ ಕರೆತಂದಿದ್ದರು. ಕೈನಡುಕ ತಗ್ಗಿತ್ತು, ನಿಜ. ಆದರೆ ಕತ್ತು, ಭುಜಗಳು ತಾವಾಗಿಯೇ ತಿರುಚಿಕೊಳ್ಳುತ್ತಿದ್ದವು. ಎದ್ದು ನಿಂತರೆ ತಲೆ ಸುತ್ತಿ ಬೀಳುತ್ತಿದ್ದರು. ರಾತ್ರಿ ಅಂಗಳದಲ್ಲಿ ಯಾರೋ ನಿಂತಿದ್ದಾರೆಂದು ಕೂಗುತ್ತಿದ್ದರು. ರೋಗ ಉಲ್ಬಣಿಸಿದೆಯೆಂದು ಮನೆಯವರು ಕಂಗಾಲಾಗಿದ್ದರು. ವಿಚಾರಿಸಲಾಗಿ, ತಿಂಗಳಿನಿಂದ ದಿನಕ್ಕೆ ಎರಡು ಚಮಚ ಪುಡಿಯನ್ನು ಹಾಲಿನಲ್ಲಿ ಕದಡಿ ಕೊಡುತ್ತಿದ್ದುದು ತಿಳಿಯಿತು. ನರರೋಗ ತಜ್ಞರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವರೊಡನೆ ಮಾತನಾಡಿ ಪುಡಿಯನ್ನು ಹಂತ ಹಂತವಾಗಿ ನಿಲ್ಲಿಸಿದ ಮೇಲೆ ಆ ಹಿರಿಯರು ಸ್ವಸ್ಥಚಿತ್ತರಾದರು. ಪುಡಿಯ ಮೇಲೆ ಭರವಸೆಯಿಟ್ಟು ಗುಳಿಗೆಯನ್ನು ತಟ್ಟನೆ ನಿಲ್ಲಿಸುವುದು ಇದಕ್ಕಿಂತಲೂ ಅಪಾಯಕರ. ಮೈ ಮರಗಟ್ಟಿ, ಜ್ವರವೇರಿ ಪ್ರಾಣಕ್ಕೇ ಕುತ್ತು ಬರಬಹುದು.

ಮೂಲಿಕೆಯಲ್ಲಿ ಗುಣವಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. 2004ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 30 ಗ್ರಾಂ ನಸುಗುನ್ನಿ ಸಿದ್ಧೌಷಧದ ಪರಿಣಾಮ ಗುಳಿಗೆಗಿಂತ ಬೇಗ ಆರಂಭವಾಗಿ ಹೆಚ್ಚು ಹೊತ್ತು ನಿಂತಿತು. ಆದರೆ ಅಲ್ಲಿದ್ದವರು ಎಂಟೇ ರೋಗಿಗಳು, ಅದೂ ವೈದ್ಯರ ಕಣ್ಣೆದುರಿನಲ್ಲಿ. ಅದನ್ನು ಅಡುಗೆಮನೆಯ ಚಮಚಕ್ಕೆ ಅನ್ವಯಿಸಲಾಗದು. ಮಾನಸಿಕ ವ್ಯಾಧಿಗೆ ಔಷಧ ಸೇವಿಸುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕೆಲವು ಬಗೆಯ ಗ್ಲಾಕೋಮಾ ಇರುವವರು ಇದನ್ನು ಸ್ವಂತ ನಿರ್ಧಾರದಿಂದ ಸೇವಿಸತಕ್ಕದ್ದಲ್ಲ. ಬಲವರ್ಧಕವೆಂಬ ಜಾಹೀರಾತು ನೋಡಿ ಪುಡಿ ತರಿಸಿಕೊಳ್ಳುವ ಯುವಕರಿಗೂ ಇದೇ ಮಾತು.

ಹಸಿಬೀಜವನ್ನು ಕಾಳಿನಂತೆ ಬೇಯಿಸಿ ತಿನ್ನುವುದೂ ನಿರಪಾಯವಲ್ಲ. 1989ರಲ್ಲಿ ಆಫ್ರಿಕಾದ ಮೊಜಾಂಬಿಕ್ ದೇಶದ ನಂಪುಲಾ ಪ್ರಾಂತದಲ್ಲಿ ಆಹಾರದ ಅಭಾವದಿಂದ ಇದನ್ನು ತಿಂದ 200ಕ್ಕೂ ಹೆಚ್ಚು ಜನ ಚಿತ್ತಭ್ರಮೆಗೆ ಒಳಗಾದರು. ಪಶ್ಚಿಮ ಘಟ್ಟದ ಕಾಣಿಕ್ಕಾರರಂತಹ ಗಿರಿಜನರು ಮತ್ತೆ ಮತ್ತೆ ಬೇಯಿಸಿ, ಪ್ರತಿ ಸಲವೂ ನೀರು ಚೆಲ್ಲಿದ ಮೇಲೆಯೇ ತಿನ್ನುವುದು ಅನುಭವದಿಂದ ಬಂದ ಜ್ಞಾನ. ನಮ್ಮ ಶಾಸ್ತ್ರವೂ ಶೋಧನವಿಲ್ಲದೆ ಇದನ್ನು ಬಳಸದು. ಬೀಜವನ್ನು ಬಟ್ಟೆಯಲ್ಲಿ ಕಟ್ಟಿ, ಹಸುವಿನ ಹಾಲಿನಲ್ಲಿ ತೂಗುಬಿಟ್ಟು ಸುಮಾರು ಮೂರು ಗಂಟೆ ಬೇಯಿಸಿ, ಸಿಪ್ಪೆ ಸುಲಿದು, ತೊಳೆದು, ಒಣಗಿಸಿ ಪುಡಿಮಾಡುವುದು ಕ್ರಮ. ಬೇಯಿಸಿದ ಹಾಲನ್ನು ಚೆಲ್ಲಬೇಕು, ಕುಡಿಯಬಾರದು. ರೋಗಿಯ ವಯಸ್ಸು, ಅಗ್ನಿ, ಸೇವಿಸುತ್ತಿರುವ ಇತರ ಔಷಧ ಇವನ್ನೆಲ್ಲ ನೋಡಿಯೇ ವೈದ್ಯರು ಪ್ರಮಾಣ ನಿಗದಿಪಡಿಸುತ್ತಾರೆ. ಚಿಕಿತ್ಸೆಗೆ ಬರುವಾಗ ತಜ್ಞರ ಚೀಟಿಯನ್ನು ನಮಗೆ ತೋರಿಸಿರಿ, ನಾವು ಕೊಟ್ಟ ಔಷಧದ ಹೆಸರನ್ನು ತಜ್ಞರಿಗೆ ತಿಳಿಸಿರಿ.

ಹಿತ್ತಲಲ್ಲಿ ಬೆಳೆದ ಬೀಜವನ್ನು ಏನು ಮಾಡುವುದೆಂದು ಕೇಳಬಹುದು. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಹೆಸರು ಬರೆದ ಡಬ್ಬಿಯಲ್ಲಿ ಮಕ್ಕಳ ಕೈಗೆಟುಕದಂತೆ ಇಟ್ಟರೆ ಮುಂದಿನ ಬಿತ್ತನೆಗೆ ಬರುತ್ತದೆ. ಹೆಚ್ಚಿನದನ್ನು ನೆರೆಯವರಿಗೆ ಬಿತ್ತಲು ಹಂಚಬಹುದು, ಪರಿಚಿತ ವೈದ್ಯರಿದ್ದರೆ ಅವರಿಗೆ ಕೊಡಬಹುದು. ಔಷಧದ ಗೊಡವೆಯೇ ಬೇಡವೆನ್ನುವವರು ತೆಂಗಿನ ಸಾಲಿನ ನಡುವೆ ಇದೇ ಬಳ್ಳಿಯನ್ನು ನೆಲಕ್ಕೆ ಹಬ್ಬಿಸಿ, ಹೂ ಕಾಣಿಸಿದೊಡನೆ ಕತ್ತರಿಸಿ ಮಣ್ಣಿಗೆ ಮುಚ್ಚಲಿ. ಮರದ ಬುಡದಿಂದ ನಾಲ್ಕಡಿ ದೂರವಿಟ್ಟು ಬಿತ್ತಿದರೆ ಬಳ್ಳಿಯನ್ನು ಕಾಂಡದಿಂದ ಬಿಡಿಸುವ ಶ್ರಮ ತಪ್ಪುತ್ತದೆ.