ಮನೆಮಾತಿನ ವ್ಯಾಕರಣವೇ ಮದ್ದು

ಹಾವೇರಿ ಜಿಲ್ಲೆಯ ಗುತ್ತಲದ ಐದು ವರ್ಷದ ಮಗುವೊಂದು ‘ಅಕ್ಕ ಹೊಲ ಹೋಗ್ಯಾನ’ ಎಂದಿತೆನ್ನಿ. ಅಕ್ಕ ಹೊಲಕ್ಕೆ ಹೋಗಿದ್ದಾಳೆಂದು ಮನೆಯವರಿಗೆ ತಿಳಿಯುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಮೂರು ಪದಗಳ ವಾಕ್ಯದಲ್ಲಿ ಎರಡು ಪ್ರತ್ಯಯಗಳು ಕೈಕೊಟ್ಟಿವೆ: ‘ಹೊಲಕ್ಕ’ ಎನ್ನುವಲ್ಲಿ ವಿಭಕ್ತಿ ಬಿಟ್ಟುಹೋಗಿದೆ, ‘ಹೋಗ್ಯಾಳ’ ಎನ್ನುವಲ್ಲಿ ಲಿಂಗ ತಪ್ಪಿದೆ. ಎರಡು ವರ್ಷದ ಕೂಸು ಹೀಗೆ ಅಂದರೆ ಅದು ಮುದ್ದುಮಾತು. ಐದು ತುಂಬಿದ ಮೇಲೂ ಇಂಥ ತಪ್ಪುಗಳು ದಿನವಿಡೀ ಬರುತ್ತಿದ್ದರೆ, ಕಿವಿ ಚೆನ್ನಾಗಿ ಕೇಳಿಸುತ್ತಿದ್ದರೆ, ಬುದ್ಧಿಮಾಂದ್ಯವಾಗಲಿ ಆಟಿಸಂ ಆಗಲಿ ಇಲ್ಲದಿದ್ದರೆ ವಿಜ್ಞಾನಿಗಳು ಅದನ್ನು ಬೆಳವಣಿಗೆಯ ಭಾಷಾ ನ್ಯೂನತೆ, ಚಿಕ್ಕದಾಗಿ ಡಿಎಲ್‌ಡಿ, ಎನ್ನುತ್ತಾರೆ. ಆಕ್ಸ್‌ಫರ್ಡ್‌ನ ಡೊರೊಥಿ ಬಿಷಪ್ ಅವರ ನೇತೃತ್ವದಲ್ಲಿ ಹಲವು ದೇಶಗಳ ತಜ್ಞರು ಚರ್ಚಿಸಿ 2017ರಲ್ಲಿ ಒಪ್ಪಿಕೊಂಡ ಹೆಸರು ಇದು. ಅಮೆರಿಕದ ಅಯೋವಾ ಪ್ರಾಂತದಲ್ಲಿ ಬ್ರೂಸ್ ಟಾಂಬ್ಲಿನ್ ಮತ್ತು ಸಂಗಡಿಗರು 7,218 ಶಿಶುವಿಹಾರದ ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇಕಡಾ 7ರಷ್ಟು ಮಕ್ಕಳಿಗೆ ಈ ಬಗೆಯ ತೊಂದರೆ ಇತ್ತು. ಹೆತ್ತವರು ಮಾತಾಡಿಸಲಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. ಅನುವಂಶೀಯತೆಯ ಪಾಲು ಇದರಲ್ಲಿ ದೊಡ್ಡದು. ಹಾಗೆಂದು ಮಾಡುವುದಕ್ಕೇನೂ ಇಲ್ಲವೆಂದಲ್ಲ. ವ್ಯಾಕರಣವನ್ನೇ ಗುರಿಯಾಗಿಟ್ಟ ಚಿಕಿತ್ಸೆ ಇದೆ, ಅದರಿಂದ ಫಲವೂ ಇದೆ. ಆದರೆ ಆ ಚಿಕಿತ್ಸೆ ಮಗುವಿನ ಮನೆಮಾತಿನ ವ್ಯಾಕರಣದ ಮೇಲೆಯೇ ನಿಲ್ಲಬೇಕು.

ಹೀಗೆ ಒತ್ತಿ ಹೇಳಲು ಕಾರಣವಿದೆ. ಡಿಎಲ್‌ಡಿ ಎಲ್ಲ ಭಾಷೆಗಳಲ್ಲೂ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಇಂಗ್ಲಿಷ್ ಮಕ್ಕಳು ಭೂತಕಾಲದ ‘ಎಡ್’ ಅನ್ನು, ವರ್ತಮಾನದ ‘ಎಸ್’ ಅನ್ನು ಬಿಡುತ್ತಾರೆ ಎಂದು ಮೇಬಲ್ ರೈಸ್ ಮತ್ತು ಕೆನ್ ವೆಕ್ಸ್ಲರ್ 1990ರ ದಶಕದಲ್ಲಿ ತೋರಿಸಿದರು. ಇಟಾಲಿಯನ್ ಮಕ್ಕಳು ಕ್ರಿಯಾಪದದ ಕೊನೆಯನ್ನು ಅಷ್ಟಾಗಿ ತಪ್ಪುವುದಿಲ್ಲ, ಅವರು ಎಡವುವುದು ಪುಟ್ಟ ಸರ್ವನಾಮಗಳಲ್ಲಿ ಎಂಬುದು ಲಾರೆನ್ಸ್ ಲಿಯೊನಾರ್ಡ್ ಅವರ ಅಧ್ಯಯನಗಳಿಂದ ತಿಳಿಯಿತು. ಕನ್ನಡದ ಕ್ರಿಯಾಪದವಂತೂ ಕಾಲ, ಲಿಂಗ, ವಚನ, ಪುರುಷ ಎಲ್ಲವನ್ನೂ ಬಾಲದಲ್ಲೇ ಹೊತ್ತಿರುತ್ತದೆ. ನಾಮಪದಕ್ಕೆ ವಿಭಕ್ತಿ ಬೇರೆ. ಮಣಿಪಾಲದ ಶಿವಾನಿ ತಿವಾರಿ ಮತ್ತು ಬಿ. ರಾಜಶೇಖರ್ ಅವರು ಪ್ರತಿಭಾ ಕಾರಂತ ಅವರೊಂದಿಗೆ 2017ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಾತಾಡುವ ಇಂಥ ಮಕ್ಕಳದ್ದೇ. ಇಂಗ್ಲಿಷ್ ಪುಸ್ತಕ ನೋಡಿ ಭೂತಕಾಲವೊಂದನ್ನೇ ತಿದ್ದಲು ಹೊರಟರೆ ‘ಹೊಲ’ಕ್ಕೆ ‘ಕ್ಕ’ ಹಚ್ಚಲಾರದ ಮಗುವಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ಮೊದಲು ಯಾವ ಪ್ರತ್ಯಯ ತಪ್ಪುತ್ತಿದೆ ಎಂದು ಗುರುತಿಸಬೇಕು, ಆಮೇಲೆ ಅದೊಂದನ್ನೇ ಹಿಡಿಯಬೇಕು.

ಹಿಡಿಯುವ ಬಗೆ ಸರಳ. ಮಗು ‘ಅಕ್ಕ ಹೊಲ ಹೋಗ್ಯಾನ’ ಎಂದಾಗ ದೊಡ್ಡವರು ‘ಹೌದು, ಅಕ್ಕ ಹೊಲಕ್ಕ ಹೋಗ್ಯಾಳ’ ಎಂದು ಅದೇ ಮಾತನ್ನು ಸರಿಪಡಿಸಿ ತಿರುಗಿ ಹೇಳುತ್ತಾರೆ. ಗದರುವುದಿಲ್ಲ, ‘ಇನ್ನೊಮ್ಮೆ ಹೇಳು’ ಎಂದು ಕಾಡುವುದೂ ಇಲ್ಲ. ಹೇಳಬೇಕೆಂದಿದ್ದ ಅರ್ಥ ಮಗುವಿನ ಮನಸ್ಸಿನಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಎರಡರ ನಡುವಿನ ವ್ಯತ್ಯಾಸ ಎದ್ದು ಕೇಳುತ್ತದೆ. ಆದರೆ ಒಂದೇ ವಾಕ್ಯವನ್ನು ಗಿಳಿಪಾಠ ಮಾಡಿಸಿದರೆ ಕೆಲಸ ಕೆಡುತ್ತದೆ. ಅರಿಜೋನಾದ ಎಲೆನಾ ಪ್ಲಾಂಟೆ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿನ ಮಕ್ಕಳಿಗೆ ಪ್ರತಿ ಪಾಠದಲ್ಲಿ 24 ಬೇರೆ ಬೇರೆ ಕ್ರಿಯಾಪದಗಳ ಮೇಲೆ, ಇನ್ನೊಂದು ಗುಂಪಿಗೆ 12 ಕ್ರಿಯಾಪದಗಳನ್ನೇ ಎರಡೆರಡು ಸಲ ಬಳಸಿ ಒಂದೇ ಪ್ರತ್ಯಯ ಕಲಿಸಿದರು. ಕಿವಿಗೆ ಬಿದ್ದ ಸಲ ಎರಡು ಕಡೆಯೂ ಒಂದೇ. ಚೆನ್ನಾಗಿ ಕಲಿತದ್ದು ಮೊದಲ ಗುಂಪು. ಪದಗಳು ಬದಲಾಗುತ್ತ ಹೋದಾಗ ಬದಲಾಗದೆ ಉಳಿಯುವ ಪ್ರತ್ಯಯದ ಮೇಲೆ ಮಗುವಿನ ಲಕ್ಷ್ಯ ನಿಲ್ಲುತ್ತದೆ. ಆದ್ದರಿಂದ ‘ಆಳ’ ಕಲಿಸಬೇಕಾದರೆ ‘ಹೋಗ್ಯಾಳ’ ಒಂದನ್ನೇ ಜಪಿಸದೆ ಬಂದಾಳ, ಕುಂತಾಳ, ಉಂಡಾಳ, ತೊಳದಾಳ, ಮೆಣಸಿನಕಾಯಿ ತೊಟ್ಟು ಬಿಡಿಸ್ಯಾಳ, ಗೋವಿನಜೋಳ ಒಣಗಿಸ್ಯಾಳ ಎಂದು ಹರಡಿಕೊಳ್ಳಬೇಕು.

‘ಇದೆಲ್ಲ ಯಾಕ್ರಿ, ದೊಡ್ಡಾವಾದ್ರ ತಾನ ಬರತೈತಿ’ ಎಂಬ ಮಾತು ಹಿರಿಯರಿಂದ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ: ಎರಡು ವರ್ಷಕ್ಕೆ ಮಾತು ತಡವಾದ ಮಕ್ಕಳಲ್ಲಿ ಬಹಳಷ್ಟು ಮಂದಿ ಮುಂದೆ ಸಮವಯಸ್ಕರನ್ನು ಹಿಡಿದುಬಿಡುತ್ತಾರೆ. ಆದರೆ ಐದರ ಹೊತ್ತಿಗೂ ವ್ಯಾಕರಣ ಹಿಂದೆ ಬಿದ್ದಿದ್ದರೆ ತೊಂದರೆ ಉಳಿದುಕೊಳ್ಳುವ ಸಂಭವವೇ ಹೆಚ್ಚು, ಅದು ಓದುಬರಹಕ್ಕೂ ತಟ್ಟುತ್ತದೆ. ಎರಡನೆಯ ಆಕ್ಷೇಪ, ಮನೆಯಲ್ಲಿ ಲಂಬಾಣಿ ಅಥವಾ ಉರ್ದು, ಸಾಲಿಯಲ್ಲಿ ಕನ್ನಡ, ಎರಡು ಭಾಷೆಯ ಭಾರಕ್ಕೆ ಮಗು ಸೋತಿದೆ ಎಂಬುದು. ಕೆನಡಾದಲ್ಲಿ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು ಫ್ರೆಂಚ್, ಇಂಗ್ಲಿಷ್ ಎರಡನ್ನೂ ಆಡುವ ಇಂಥ ಮಕ್ಕಳನ್ನು ಒಂದೇ ಭಾಷೆಯ ಇಂಥ ಮಕ್ಕಳ ಜೊತೆ ಹೋಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು: ದ್ವಿಭಾಷಿಗಳ ತಪ್ಪು ಹೆಚ್ಚಾಗಿರಲಿಲ್ಲ. ಮನೆಮಾತನ್ನು ಬಿಡಿಸಿದರೆ ಮಗುವಿಗೆ ಅಜ್ಜಿಯೊಡನೆ ಮಾತಾಡುವ ದಾರಿ ಮುಚ್ಚುತ್ತದೆಯೇ ಹೊರತು ನ್ಯೂನತೆ ಹೋಗುವುದಿಲ್ಲ.

ಮೂರನೆಯದು ಶಿಕ್ಷಕರ ಆಕ್ಷೇಪ: ಪಠ್ಯದ ಶುದ್ಧ ಕನ್ನಡ ಕಲಿಸಬಾರದೇ? ಕಲಿಸಲಿ, ಆದರೆ ಚಿಕಿತ್ಸೆಯ ಹೆಸರಿನಲ್ಲಿ ಅಲ್ಲ. ‘ಮನ್ಯಾಗ’ ಎನ್ನುವ ಮಗು ‘ಮನೆಯಲ್ಲಿ’ ಎಂಬುದನ್ನು ತಪ್ಪಾಗಿ ಹೇಳುತ್ತಿಲ್ಲ, ಹಾವೇರಿ ಸೀಮೆಯ ವ್ಯಾಕರಣವನ್ನು ಸರಿಯಾಗಿ ಪಾಲಿಸುತ್ತಿದೆ. ‘ಮನಿ ಅದಾನ’ ಎಂದು ಪ್ರತ್ಯಯವನ್ನೇ ಬಿಡುವ ಮಗು ಬೇರೆ. ಈ ಇಬ್ಬರನ್ನು ಪ್ರತ್ಯೇಕಿಸಲಾರದ ಪರೀಕ್ಷೆ ಉತ್ತರ ಕರ್ನಾಟಕದ ಅರ್ಧ ಮಕ್ಕಳಿಗೆ ರೋಗದ ಚೀಟಿ ಅಂಟಿಸೀತು. ಅಥವಾ ‘ಹಳ್ಳಿ ಮಾತು, ಹಂಗ ಇರತೈತಿ’ ಎಂದು ನಿಜವಾಗಿ ನೆರವು ಬೇಕಾದ ಮಗುವನ್ನು ಬಿಟ್ಟೀತು. ಅದಕ್ಕೇ ಅಳತೆಗೋಲು ಅದೇ ಓಣಿಯ, ಅದೇ ವಯಸ್ಸಿನ ಇತರ ಮಕ್ಕಳ ಮಾತಾಗಿರಬೇಕು.

ಉಳಿದದ್ದು ದೂರದ ಪ್ರಶ್ನೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಧಾರವಾಡದಲ್ಲಿ ಜೆಎಸ್‌ಎಸ್‌ನ ವಾಕ್ ಶ್ರವಣ ಸಂಸ್ಥೆ ಇದೆ. ಗುತ್ತಲದಿಂದ ದಿನಾ ಧಾರವಾಡಕ್ಕೆ ಬಸ್ಸು ಹತ್ತುವುದು ಕೂಲಿಯವರಿಗೆ ಆಗದ ಮಾತು. ಆದರೆ ದಿನಾ ಹೋಗಬೇಕಾಗಿಲ್ಲ ಎನ್ನಲು ಆಧಾರವಿದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕ್ಯಾರೆನ್ ಸ್ಮಿತ್-ಲಾಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ವರ್ಷದ ಮಕ್ಕಳಲ್ಲಿ ಒಂದೇ ಲೆಕ್ಕದ ಪಾಠಗಳನ್ನು ಕೆಲವರಿಗೆ 8 ದಿನ ಒಂದೇ ಸಮನೆ, ಕೆಲವರಿಗೆ ವಾರಕ್ಕೊಂದರಂತೆ 8 ವಾರ ಕೊಟ್ಟರು. ವಾರಕ್ಕೊಮ್ಮೆ ಕಲಿತವರೇ ಮುಂದೆ ಹೋದರು. ತಜ್ಞರು ಗುರಿಯ ಪ್ರತ್ಯಯವನ್ನು ಆರಿಸಿ, ತಿರುಗಿ ಹೇಳುವ ಬಗೆಯನ್ನು ತಾಯಿಗೂ ಅಂಗನವಾಡಿ ಕಾರ್ಯಕರ್ತೆಗೂ ತೋರಿಸಿದರೆ ನಡುವಿನ ದಿನಗಳೂ ವ್ಯರ್ಥವಾಗುವುದಿಲ್ಲ. ಮನೆಯವರು ತಜ್ಞರಿಗೆ ಬದಲಿಯಾಗಲಾರರು ಎಂಬುದೂ ಅಷ್ಟೇ ನಿಜ: ಮೊದಲು ಶ್ರವಣ ಪರೀಕ್ಷೆ ಆಗಬೇಕು, ಆಮೇಲೆ ನ್ಯೂನತೆಯನ್ನು ಗುರುತಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅದು ಹುಡುಕಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಭಾಷೆ ಹಿಂದುಳಿಯುವುದೂ ಇದೆ. ತೂಕ ನೋಡಿ, ಹಲ್ಲು ನೋಡಿ ಮುಂದೆ ಹೋಗುವ ಆ ತಂಡ ಮಗುವಿಗೆ ಒಂದು ಚಿತ್ರ ತೋರಿಸಿ ‘ಇದರಾಗ ಯಾರು ಏನು ಮಾಡಾಕತ್ತಾರ?’ ಎಂದು ಕೇಳಿ ಎರಡು ನಿಮಿಷ ಕಿವಿಗೊಟ್ಟರೆ, ತಪ್ಪುವ ಪ್ರತ್ಯಯಗಳು ಅಲ್ಲಿಯೇ ಕೇಳಿಸುತ್ತವೆ. ಹಾಗೆ ಗುರುತಿಸಿದ ಮಗುವನ್ನು ಒಂದನೇ ತರಗತಿಗೆ ಮೊದಲೇ ತಜ್ಞರ ಬಳಿಗೆ ಕಳಿಸಲು ಹೊಸ ಕಾಯಿದೆ ಬೇಕಿಲ್ಲ, ಇರುವ ಕಾರ್ಯಕ್ರಮವನ್ನು ಪೂರ್ತಿ ಮಾಡಿದರೆ ಸಾಕು.