ಹೃದಯದ ಕಾವಲು

ಸಾವಾದ ಮನೆಗೆ ಹೋದವರು ನಮ್ಮ ಕೊಪ್ಪಳದ ಸೀಮೆಯಲ್ಲಿ ಸಾಮಾನ್ಯವಾಗಿ ಆಡುವ ಮಾತು ಒಂದೇ: "ಎದಿ ಗಟ್ಟಿ ಮಾಡ್ಕೋರಿ." ಪ್ರೀತಿಯಿಂದ ಬಂದ ಮಾತು ಅದು, ಅದನ್ನು ಹಗುರವಾಗಿ ಕಾಣಲು ನಾನು ಸಿದ್ಧನಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಗಟ್ಟಿಯಾದ ಎದೆ ಕ್ರಮೇಣ ಕಲ್ಲಾಗಿಬಿಟ್ಟರೆ ಗತಿಯೇನು? ನೋವು ಒಳಗೆ ಬರದಂತೆ ಮುಚ್ಚಿದ ಬಾಗಿಲಿನಿಂದ ಪ್ರೀತಿಯಾದರೂ ಹೇಗೆ ಒಳಗೆ ಬಂದೀತು? ಕ್ರೈಸ್ತ ಧರ್ಮಗ್ರಂಥವು ಹೃದಯದ ವಿಷಯದಲ್ಲಿ ಎರಡು ಮಾತುಗಳನ್ನು ಮತ್ತೆ ಮತ್ತೆ ಹೇಳುತ್ತದೆ. ಹೃದಯವನ್ನು ಕಾಯಬೇಕು ಎಂಬುದು ಒಂದು. ಒಡೆದ ಹೃದಯವು ವಾಸಿಯಾಗುತ್ತದೆ ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ಸರಿಯಾಗಿ ಕಾದಿದ್ದರೆ ಒಡೆಯುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ! ಇವೆರಡೂ ಹೇಗೆ ಒಂದೇ ಮಾತಾಗುತ್ತವೆ ಎಂಬುದನ್ನು ವಿವರಿಸುವುದೇ ಇಂದಿನ ನನ್ನ ಉದ್ದೇಶ.

ಕಾಯಬೇಕೆಂಬ ಮಾತು ಬರುವುದು ಸೊಲೊಮೋನನ ಹೆಸರಿನಲ್ಲಿರುವ ಜ್ಞಾನೋಕ್ತಿಗಳ ನಾಲ್ಕನೆಯ ಅಧ್ಯಾಯದಲ್ಲಿ. ತಂದೆಯೊಬ್ಬ ಮಗನಿಗೆ ಬುದ್ಧಿ ಹೇಳುತ್ತ, ಬೇರೆಲ್ಲವನ್ನು ಕಾಯುವುದಕ್ಕಿಂತ ಹೆಚ್ಚಾಗಿ ಹೃದಯವನ್ನು ಕಾದುಕೊಳ್ಳಬೇಕೆನ್ನುತ್ತಾನೆ. ಬದುಕು ಹೊರಹೊಮ್ಮುವುದು ಅಲ್ಲಿಂದಲೇ ಎಂದು ಅದಕ್ಕೆ ಕಾರಣವನ್ನೂ ಕೊಡುತ್ತಾನೆ. ಇಲ್ಲಿರುವ ಹೀಬ್ರೂ ಪದ 'ಲೇವ್'. ಕನ್ನಡದಲ್ಲಿ ನಾವು ಬುದ್ಧಿ, ಮನಸ್ಸು, ಸಂಕಲ್ಪ, ಭಾವ ಎಂದು ಬೇರೆ ಬೇರೆಯಾಗಿ ಹೇಳುವುದೆಲ್ಲ ಆ ಒಂದೇ ಪದದಲ್ಲಿ ಅಡಕವಾಗಿದೆ. ಆ ಜನರಿಗೆ ಹೃದಯವು ಭಾವುಕತೆಯ ತಾಣ ಮಾತ್ರವಾಗಿರಲಿಲ್ಲ. ಮನುಷ್ಯ ಆಲೋಚಿಸುವುದೂ ತೀರ್ಮಾನಿಸುವುದೂ ಅಲ್ಲಿಯೇ. ಆದ್ದರಿಂದ ಹೃದಯವನ್ನು ಕಾಯುವುದೆಂದರೆ ಭಾವನೆಗಳನ್ನು ಅದುಮಿಡುವುದಲ್ಲ. ಊರಿಗೆಲ್ಲ ನೀರು ಕೊಡುವ ಸೆಲೆಯನ್ನು ಕೆಡದಂತೆ ನೋಡಿಕೊಳ್ಳುವುದು.

ಕಾವಲು ಎಂದೊಡನೆ ಕೊಪ್ಪಳದವರ ಕಣ್ಣಮುಂದೆ ಕೋಟೆ ನಿಲ್ಲುವುದು ಸಹಜ. ಟಿಪ್ಪು ಸುಲ್ತಾನನು ೧೭೮೬ರಲ್ಲಿ ಪಾಳೆಯಗಾರನಿಂದ ಈ ಕೋಟೆಯನ್ನು ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಮತ್ತೆ ಕಟ್ಟಿಸಿದನು. ೧೭೯೦ರಲ್ಲಿ ಬ್ರಿಟಿಷರ ಮತ್ತು ನಿಜಾಮನ ಸೇನೆಗಳು ಅದನ್ನು ಮುತ್ತಿದವು. ದೀರ್ಘಕಾಲದ ಮುತ್ತಿಗೆಯಾದ ಮೇಲೆ, ಮರುವರ್ಷ, ಕೋಟೆ ಶರಣಾಯಿತು. ಅಷ್ಟು ಬಲವಾದ ಗೋಡೆಗೂ ಒಂದು ಮಿತಿಯಿತ್ತು. ಹೃದಯದ ವಿಷಯದಲ್ಲಿ ಗೋಡೆಯ ಮಿತಿ ಇನ್ನೂ ಹೆಚ್ಚಿನದು. ಮನುಷ್ಯನನ್ನು ಹೊಲೆಮಾಡುವುದು ಹೊರಗಿನಿಂದ ಒಳಗೆ ಹೋಗುವುದಲ್ಲ, ಒಳಗಿನಿಂದ ಹೊರಗೆ ಬರುವುದು ಎಂಬುದು ಮಾರ್ಕನ ಸುವಾರ್ತೆಯಲ್ಲಿ ಕ್ರಿಸ್ತನು ಕೊಡುವ ಉಪದೇಶದ ಸಾರ. ಹಗೆ, ಲೋಭ, ಅಸೂಯೆ ಇವು ಗೋಡೆ ಹತ್ತಿ ಬರುವ ಶತ್ರುಗಳಲ್ಲ. ಗೋಡೆಯ ಒಳಗೇ ಹುಟ್ಟಿ ಬೆಳೆದವು. ಅವುಗಳ ಮುಂದೆ ಕೋಟೆ ಎಷ್ಟು ಎತ್ತರವಾದರೇನು?

ಆದ್ದರಿಂದ ಹೃದಯದ ಕಾವಲಿಗೆ ಕೋಟೆಗಿಂತ ತಕ್ಕ ಹೋಲಿಕೆ ನಮ್ಮ ಜಿಲ್ಲೆಯಲ್ಲಿಯೇ, ಮುನಿರಾಬಾದಿನ ಬಳಿ ಇದೆ. ತುಂಗಭದ್ರಾ ಅಣೆಕಟ್ಟು ಕೂಡ ಒಂದು ಗೋಡೆಯೇ. ಆದರೆ ಅದನ್ನು ಕಟ್ಟಿದ್ದು ನೀರನ್ನು ಶಾಶ್ವತವಾಗಿ ಸೆರೆಯಿಡುವುದಕ್ಕಲ್ಲ, ಹದವರಿತು ಬಿಡುವುದಕ್ಕೆ. ಎಡದಂಡೆಯ ಕಾಲುವೆಗೆ ನೀರು ಹರಿದರೆ ಮಾತ್ರ ಗಂಗಾವತಿಯ ಗದ್ದೆಗಳಲ್ಲಿ ಭತ್ತ. ಕಾಯುವುದು ಎಂದರೆ ಇಲ್ಲಿ ಮುಚ್ಚುವುದೂ ಹೌದು, ತೆರೆಯುವುದೂ ಹೌದು.

೧೯೫೩ರಲ್ಲಿ ನೀರು ನಿಲ್ಲಿಸಿದಾಗ ಈ ಜಲಾಶಯದ ಸಾಮರ್ಥ್ಯ ಸುಮಾರು ೧೩೩ ಟಿಎಂಸಿ ಅಡಿ; ಈಗ ಸುಮಾರು ೧೦೫. ಉಳಿದ ಜಾಗವನ್ನು ಹೂಳು ಆಕ್ರಮಿಸಿದೆ. ಯಾವ ಒಂದು ದಿನವೂ ಅನಾಹುತವೆನ್ನುವಂಥದೇನೂ ಆಗಲಿಲ್ಲ. ಪ್ರತಿ ಮಳೆಗಾಲವೂ ತನ್ನ ಪಾಲಿನ ಮಣ್ಣನ್ನು ತಂದು ಸುರಿಯಿತು, ಅಷ್ಟೇ. ಹೃದಯದ ಕಥೆಯೂ ಬಹುಮಟ್ಟಿಗೆ ಹೀಗೆಯೇ. ಅಣ್ಣತಮ್ಮಂದಿರ ಆಸ್ತಿಯ ಪಾಲಿನಲ್ಲಿ ಕೇಳಿದ ಒಂದು ಕಟು ಮಾತು, ಯಾರಿಗೂ ಹೇಳದೆ ನುಂಗಿಕೊಂಡ ಒಂದು ಅವಮಾನ, ಒಪ್ಪಿಕೊಳ್ಳದೆ ಉಳಿಸಿಕೊಂಡ ಒಂದು ತಪ್ಪು, ಇವು ತಳದಲ್ಲಿ ಕೂಡುತ್ತ ಹೋಗುತ್ತವೆ. ಮೇಲೆ ನೀರು ತಿಳಿಯಾಗಿಯೇ ಕಾಣುತ್ತದೆ. ಹಿಡಿದಿಡುವ ಶಕ್ತಿ ಮಾತ್ರ ಕುಗ್ಗಿರುತ್ತದೆ. ಕ್ರೈಸ್ತರಲ್ಲಿ ಪಾಪನಿವೇದನೆಯು ಆರಾಧನೆಯ ಒಂದು ಅಂಗವಾಗಿ ಉಳಿದುಬಂದಿರುವುದು ಈ ಹೂಳಿನ ಸಲುವಾಗಿಯೇ. ಅದು ತನ್ನನ್ನು ತಾನು ಹಳಿದುಕೊಳ್ಳುವ ವಿಧಿಯಲ್ಲ. ತಳದಲ್ಲಿರುವುದನ್ನು ಹೆಸರಿಟ್ಟು ಮೇಲಕ್ಕೆತ್ತುವ ಕೆಲಸ.

ಇನ್ನು ಒಡೆಯುವ ಮಾತು. ೨೦೨೪ರ ಆಗಸ್ಟ್ ೧೦ರ ರಾತ್ರಿ, ಜಲಾಶಯ ತುಂಬಿದ್ದ ಹೊತ್ತಿನಲ್ಲಿ, ಮೂವತ್ತಮೂರು ಕ್ರಸ್ಟ್ ಗೇಟುಗಳ ಪೈಕಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಮಾಡಿದ್ದೇನು? ಉಳಿದ ಗೇಟುಗಳನ್ನು ಬಿಗಿಯಾಗಿ ಮುಚ್ಚಲಿಲ್ಲ. ಒತ್ತಡ ತಗ್ಗಲೆಂದು ಅವುಗಳನ್ನೂ ತೆರೆದರು. ಬೆಳೆಗೆ ಬೇಕಾದ ನೀರು ಕಣ್ಣೆದುರೇ ಹರಿದುಹೋಗುವುದನ್ನು ರೈತರು ನೋಡಬೇಕಾಯಿತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ, ತಾತ್ಕಾಲಿಕ ತಡೆಯನ್ನು ಇಳಿಸಿ ನಿಲ್ಲಿಸಿದರು. ಒಡೆದಲ್ಲಿ ಮೊದಲು ಹರಿಯಗೊಡಬೇಕು. ಕಟ್ಟುವ ಕೆಲಸ ಅದರ ಜೊತೆಯಲ್ಲಿ ನಡೆಯಬೇಕು.

ಬೈಬಲ್ಲಿನ ಕೀರ್ತನೆಗಳನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳು. ಅಲ್ಲಿ ಭಕ್ತನು ದೇವರೊಡನೆ ಜಗಳವಾಡುತ್ತಾನೆ, ಎಲ್ಲಿ ಹೋದೆಯೆಂದು ಕೇಳುತ್ತಾನೆ, ತನ್ನ ಹಾಸಿಗೆ ಕಣ್ಣೀರಿನಿಂದ ತೊಯ್ದುಹೋಯಿತೆಂದು ದೂರುತ್ತಾನೆ. ಇವನ್ನು ಸಂಕಲಿಸಿದವರು ಯಾವುದನ್ನೂ ಅಳಿಸಿಹಾಕಲಿಲ್ಲ, ಪ್ರಾರ್ಥನೆಯೆಂದೇ ಕಾಪಾಡಿದರು. ಗೆಳೆಯ ಲಾಜರನ ಸಮಾಧಿಯ ಬಳಿ ಕ್ರಿಸ್ತನೂ ಅತ್ತನೆಂದು ಯೋಹಾನನು ಬರೆದಿದ್ದಾನೆ. ವಿಶ್ವಾಸವಿದ್ದವರು ಅಳಬಾರದೆಂದು ದುಃಖಿತರ ಬಾಯಿ ಮುಚ್ಚಿಸುವವರು ಈ ಎರಡು ಸಂಗತಿಗಳನ್ನು ನೆನೆಯಬೇಕು.

ಇದು ಬರಿಯ ತತ್ತ್ವವಾಗಿ ಉಳಿಯಬಾರದೆಂದು ಒಂದು ಜೀವನವನ್ನು ನೆನಪಿಸುತ್ತೇನೆ. ತುಂಗೆಯೂ ಭದ್ರೆಯೂ ಹುಟ್ಟುವ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ೧೮೫೮ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬೇಕೆಂಬ ಹಟದ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕಲಿತು ಮಗಳಿಗೂ ಕಲಿಸಿದ ತಾಯಿ ಲಕ್ಷ್ಮೀಬಾಯಿ. ಪುರಾಣ ಹೇಳುತ್ತ ಊರೂರು ತಿರುಗಿದ ಈ ಸಂಸಾರವನ್ನು ೧೮೭೦ರ ದಶಕದ ಬರ ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ೧೮೮೦ರಲ್ಲಿ, ಉಳಿದಿದ್ದ ಅಣ್ಣನೂ ಹೋದರು. ಅದೇ ವರ್ಷ ಮದುವೆಯಾದ ಪತಿ ಬಿಪಿನ್ ಬಿಹಾರಿ ಮೇಧ್ವಿಯವರು ೧೮೮೨ರಲ್ಲಿ ಕಾಲರಾಕ್ಕೆ ತುತ್ತಾದರು. ಇಪ್ಪತ್ತನಾಲ್ಕರ ಪ್ರಾಯ ತುಂಬುವ ಮೊದಲೇ ಆಕೆ, ವರುಷ ತುಂಬದ ಮಗಳೊಂದಿಗೆ, ವಿಧವೆ.

೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು. ದೀಕ್ಷೆಯ ಮರುದಿನವೇ ಗಾಯ ಮಾಯಿತೆಂದು ಅವರು ಎಲ್ಲಿಯೂ ಹೇಳಿಕೊಂಡಿಲ್ಲ. ಧರ್ಮವೊಂದನ್ನು ಪಡೆದ ಬಳಿಕ ಮನಸ್ಸಿಗೆ ನೆಲೆ ದೊರೆಯಲು ಸುಮಾರು ಎಂಟು ವರ್ಷ ಹಿಡಿಯಿತೆಂಬ ಅರ್ಥ ೧೯೦೭ರಲ್ಲಿ ಬರೆದ ಅವರ ಆತ್ಮನಿವೇದನೆಯಿಂದ ಹೊರಡುತ್ತದೆ. ಆ ನಡುವೆ, ೧೮೮೯ರಲ್ಲಿ, ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮುಂದೆ ಬರಗಾಲಗಳು ಬಂದಾಗ ಹಸಿದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗಿ, ಪುಣೆಯ ಬಳಿಯ ಕೇಡಗಾಂವದ ಮುಕ್ತಿ ಸದನಕ್ಕೆ ಕರೆತಂದರು. ನಮ್ಮ ಕಲಬುರಗಿಯಲ್ಲಿಯೂ ೧೯೧೨-೧೩ರ ಸುಮಾರಿಗೆ ಶಾಲೆಯೊಂದನ್ನು ಕಟ್ಟಲು ತಾಯಿಯೂ ಮಗಳು ಮನೋರಮೆಯೂ ಶ್ರಮಿಸಿದರು. ೧೯೨೧ರಲ್ಲಿ ಆ ಮಗಳೂ ತೀರಿಕೊಂಡರು, ಮರುವರ್ಷ ತಾಯಿ. ಆಕೆಯ ದುಃಖ ಮುಗಿಯಿತೆಂದು ನಾನು ಹೇಳಲಾರೆ. ಬರದಲ್ಲಿ ಮನೆಯವರನ್ನು ಕಳೆದುಕೊಂಡ ಹೃದಯವು ಬರದ ಮಕ್ಕಳಿಗೆ ಮನೆಯಾಯಿತೆಂದು ಹೇಳಬಲ್ಲೆ. ಒಡೆದಲ್ಲಿಂದ ಹರಿದ ನೀರಿಗೆ ಕಾಲುವೆ ದೊರೆಯಿತು. ವಾಸಿಯಾಗುವುದೆಂದರೆ ನನ್ನ ತಿಳಿವಳಿಕೆಯಲ್ಲಿ ಇದೇ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಕ್ಷಮೆಯು ಕ್ರೈಸ್ತ ಚಿಕಿತ್ಸೆಯ ಮುಖ್ಯ ಔಷಧ. ಆದರೆ ಕ್ಷಮಿಸುವುದೆಂದರೆ ಅನ್ಯಾಯವನ್ನು ನ್ಯಾಯವೆನ್ನುವುದಲ್ಲ, ಹೊಡೆಯುವ ಕೈಗೆ ಮತ್ತೆ ಬೆನ್ನು ಕೊಡುವುದೂ ಅಲ್ಲ. ಸೇಡಿನ ಲೆಕ್ಕದ ಪುಸ್ತಕವನ್ನು ತನ್ನ ಕೈಯಿಂದ ದೇವರ ಕೈಗೆ ಒಪ್ಪಿಸುವುದು, ಅಷ್ಟೇ. ಎರಡನೆಯದು, ಪ್ರಾರ್ಥನೆಯಿದ್ದಲ್ಲಿ ವೈದ್ಯನು ಬೇಡವೆಂಬ ಭ್ರಮೆ. ಮೂರನೆಯ ಸುವಾರ್ತೆಯ ಕರ್ತೃವೆಂದು ಪರಂಪರೆ ಹೇಳುವ ಲೂಕನು ವೈದ್ಯ. ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಚರ್ಚಿನೊಡನೆ ಆಸ್ಪತ್ರೆಯನ್ನೂ ಕಟ್ಟಿದರು. ನಿದ್ದೆಯಿಲ್ಲದೆ, ಬದುಕುವ ಆಸೆಯೇ ಬತ್ತಿಹೋದವನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದು ವಿಶ್ವಾಸದ ಕೊರತೆಯಲ್ಲ, ವಿಶ್ವಾಸದ ಕೆಲಸ.

ಕೊನೆಯದಾಗಿ, ಕಾಯುವವರು ಯಾರು? ದುಃಖದಿಂದ ಕುಸಿದವನಿಗೆ, ನಿನ್ನ ಹೃದಯವನ್ನು ನೀನೇ ಕಾದುಕೋ ಎನ್ನುವುದು ಇನ್ನೊಂದು ಹೊರೆಯಾದೀತು. ಅಪೊಸ್ತಲ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಈ ಮಾತು ತಿರುವುಮುರುವಾಗುತ್ತದೆ. ದೇವರ ಶಾಂತಿಯೇ ನಿಮ್ಮ ಹೃದಯಗಳನ್ನು ಕಾಯುತ್ತದೆ ಎಂಬ ಅರ್ಥದ ಭರವಸೆಯನ್ನು ಅಲ್ಲಿ ಕೊಡುತ್ತಾನೆ. ಅವನು ಬಳಸಿದ ಗ್ರೀಕ್ ಕ್ರಿಯಾಪದ ಸೈನಿಕರ ಪಹರೆಗೆ ಸಲ್ಲುವಂಥದು. ಫಿಲಿಪ್ಪಿ ರೋಮಿನ ನಿವೃತ್ತ ಸೈನಿಕರು ನೆಲೆಸಿದ್ದ ಪಟ್ಟಣ. ಬರೆದವನು ಸೆರೆಯಲ್ಲಿದ್ದವನು, ಸುತ್ತಲೂ ಕಾವಲಿದ್ದವನು. ತನ್ನನ್ನು ಕಾಯುತ್ತಿರುವುದು ಆ ಕಾವಲುಗಾರರಲ್ಲ ಎಂದು ಅವನಿಗೆ ಗೊತ್ತಿತ್ತು. ಸಾವಾದ ಮನೆಗೆ ಹೋದಾಗ ಈ ಪಹರೆಯ ಒಂದು ಪಾಳಿಯನ್ನು ನಾವೂ ಮಾಡಬಹುದು. ಎದೆ ಗಟ್ಟಿಮಾಡಿಕೊಳ್ಳಿ ಎನ್ನುವ ಮೊದಲು, ಅಳುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಸಾಕು.