ಫ್ರೀಮೇಸನ್ನರ ಗುಟ್ಟಿನ ಬೇರು ಈಜಿಪ್ಟಿನಲ್ಲಿಲ್ಲ

ಕಲ್ಲುಕುಟಿಗರ ಹೆಸರು, ಆಚರಣೆಗಳನ್ನು ಹೊತ್ತ ಗುಟ್ಟಿನ ಸಂಘವಾದ ಫ್ರೀಮೇಸನ್ನರ ಬೋಧನೆಯ ಮೂಲ ಹುಡುಕಹೊರಟವರು ಪಿರಮಿಡ್ಡುಗಳಿಗೋ ಟೆಂಪ್ಲರ್ ಯೋಧರಿಗೋ ಹೋಗಿ ಮುಟ್ಟುತ್ತಾರೆ. ಟೆಂಪ್ಲರ್ ಕಥೆ ಹುಟ್ಟಿದ್ದೇ 18ನೇ ಶತಮಾನದಲ್ಲಿ. ಅದನ್ನು ಅಲ್ಲಿಗೇ ಬಿಡಬಹುದು. ಗಟ್ಟಿ ದಾಖಲೆ ಇರುವುದು ಸ್ಕಾಟ್ಲೆಂಡಿನಲ್ಲಿ. ದೊರೆ ಆರನೇ ಜೇಮ್ಸನ ಕಟ್ಟಡ ಕೆಲಸಗಳ ಮುಖ್ಯಸ್ಥ ವಿಲಿಯಂ ಶಾ 1599ರಲ್ಲಿ ಹೊರಡಿಸಿದ ಕಟ್ಟಳೆಗಳಲ್ಲಿ ಬೆರಗು ಹುಟ್ಟಿಸುವ ಒಂದು ಅಪ್ಪಣೆಯಿದೆ: ಕಲ್ಲುಕುಟಿಗರನ್ನೂ ಅವರ ಕೈಕೆಳಗೆ ಕಲಿಯುವವರನ್ನೂ ನೆನಪಿನ ಕಲೆಯಲ್ಲಿ, ಅದರ ಶಾಸ್ತ್ರದಲ್ಲಿ ಪರೀಕ್ಷಿಸಬೇಕು; ಮರೆತವರಿಗೆ ದಂಡ ಹಾಕಬೇಕು. ಉಳಿ ಸುತ್ತಿಗೆ ಹಿಡಿಯುವವರಿಗೆ ಇದೆಂಥ ಪರೀಕ್ಷೆ?

ಕಸುಬಿನ ನಿಯಮಗಳನ್ನು ಬಾಯಿಪಾಠ ಮಾಡಿಸುವುದಷ್ಟೇ ಶಾನ ಉದ್ದೇಶ ಎನ್ನುವವರಿದ್ದಾರೆ. ಆದರೆ ಆ ಕಾಲದ ಓದುಬರಹ ಬಲ್ಲವರಿಗೆ ನೆನಪಿನ ಕಲೆಯೆಂದರೆ ಬೇರೆಯದೇ ವಿದ್ಯೆ. ಮನಸ್ಸಿನಲ್ಲಿ ಒಂದು ಕಟ್ಟಡ ಕಟ್ಟಿ, ಅದರ ಕಂಬ, ಮೂಲೆ, ಬಾಗಿಲುಗಳಲ್ಲಿ ಚಿತ್ರಗಳನ್ನಿಟ್ಟು, ಒಳಗೆ ನಡೆಯುತ್ತ ಒಂದೊಂದಾಗಿ ನೆನೆಯುವುದು. ಇಟಲಿಯ ದಾರ್ಶನಿಕ ಜೋರ್ಡಾನೊ ಬ್ರೂನೊ ಇದನ್ನೇ ವಿಶ್ವರಹಸ್ಯ ತಿಳಿಯುವ ಸಾಧನೆಯಾಗಿಸಿದ. ಅವನ ಅನುಯಾಯಿ ಅಲೆಕ್ಸಾಂಡರ್ ಡಿಕ್ಸನ್ ಸ್ಕಾಟ್ಲೆಂಡಿನವನು. ಈ ಕಲೆ ಬಲ್ಲ ಕವಿ ವಿಲಿಯಂ ಫೌಲರ್ ಜೇಮ್ಸನ ರಾಣಿ ಆನ್ನಳ ಕಾರ್ಯದರ್ಶಿಯಾಗಿದ್ದ, ಶಾ ಕೂಡ ಆಕೆಯ ಪರಿವಾರದಲ್ಲೇ ಇದ್ದ. ಇತಿಹಾಸಕಾರ ಡೇವಿಡ್ ಸ್ಟೀವನ್‌ಸನ್ 1988ರಲ್ಲಿ ಈ ಎಳೆಗಳನ್ನು ಜೋಡಿಸಿ ತೋರಿಸಿದರು. ಇದು ಸಾಂದರ್ಭಿಕ ಸಾಕ್ಷ್ಯ, ನಿಜ. ಆದರೆ 1696ರ ಎಡಿನ್‌ಬರೋ ಹಸ್ತಪ್ರತಿಯ ಮೇಸನ್ನರ ಪ್ರಶ್ನೋತ್ತರ ನೋಡಿ: ಲಾಡ್ಜಿನಲ್ಲಿ (ಅವರು ಸೇರುವ ಕೂಟದಲ್ಲಿ) ದೀಪಗಳೆಷ್ಟು, ಯಾವ ದಿಕ್ಕಿನಲ್ಲಿವೆ, ಯಾವುದು ಯಾರನ್ನು ಸೂಚಿಸುತ್ತದೆ? ಉತ್ತರಿಸುವವನು ಕಾಣದ ಕಟ್ಟಡವೊಂದರಲ್ಲಿ ಓಡಾಡುತ್ತಿದ್ದಾನೆ. ಮುಂದೆ 18ನೇ ಶತಮಾನದ ಲಾಡ್ಜುಗಳಲ್ಲಿ ದೀಕ್ಷೆಯ ಹೊತ್ತಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಂಬ, ಮೆಟ್ಟಿಲುಗಳ ಚಿತ್ರ ಬರೆದು, ಮುಗಿದ ಮೇಲೆ ಒರೆಸಿಬಿಡುತ್ತಿದ್ದರು. ಕಾಗದದಲ್ಲಿ ಉಳಿಸದೆ ಮನಸ್ಸಿಗೇ ಒಪ್ಪಿಸುವ ಈ ಪದ್ಧತಿಯಲ್ಲಿ ಶಾನ ಅಪ್ಪಣೆಯ ಗುರುತು ನನಗಂತೂ ಸ್ಪಷ್ಟವಾಗಿ ಕಾಣುತ್ತದೆ.

15ನೇ ಶತಮಾನದ ಇಂಗ್ಲಿಷ್ ಕಲ್ಲುಕುಟಿಗರ ಕುಕ್ ಹಸ್ತಪ್ರತಿಯಲ್ಲೇ ಈಜಿಪ್ಟಿನ ಜ್ಞಾನಿಯೆಂದು ಹೇಳಲಾಗುವ ಹರ್ಮಿಸ್‌ನ ಹೆಸರಿದೆಯಲ್ಲ, ಈಜಿಪ್ಟಿನ ನಂಟು ಇನ್ನೂ ಹಳೆಯದಲ್ಲವೇ ಎಂದು ಕೇಳಬಹುದು. ಇದೆ, ಪ್ರಳಯದಲ್ಲಿ ಉಳಿದ ಕಂಬವೊಂದರಲ್ಲಿ ಕೆತ್ತಿದ್ದ ವಿದ್ಯೆಯನ್ನು ಅವನು ಕಂಡುಕೊಂಡನೆಂಬ ಕಥೆಯಾಗಿ ಮಾತ್ರ. ಕಥೆ ಕೇಳುವುದು ಬೇರೆ, ಸಾಧನೆ ಮಾಡಿಸುವುದು ಬೇರೆ. ಆ ಸಾಧನೆ ಲಾಡ್ಜಿನ ಕಟ್ಟಳೆಯಾದದ್ದು 1599ರಲ್ಲಿ, ಲಂಡನ್ನಿನ ಗ್ರ್ಯಾಂಡ್ ಲಾಡ್ಜ್ ತನ್ನ ಹುಟ್ಟಿನ ವರ್ಷವೆಂದು ಹೇಳಿಕೊಳ್ಳುವ 1717ಕ್ಕಿಂತ 118 ವರ್ಷ ಮೊದಲು.